ನಿಮ್ಮ ದಾರ ಎಲ್ಲಿಗೆ ಬಂತು?

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಗೊಬ್ಬರದ ಮೂಟೆಗಳಿಗೆ ಊದುಬತ್ತಿ ಬೆಳಗಿ ಕೂತಿದ್ದೆನಷ್ಟೆ, ಫೋನು ಟಿಣ್ ಎಂದಿತು. ಹನೂರಿನ ಮಾದೇಶ ನಮ್ಮ ಓದುಗರ ಬಳಗದ ಗುಂಪಿಗೆ ಫೋಟೋ ಹಾಕಿದ್ದ. ಒಂದು ದಪ್ಪ ಪುಸ್ತಕ, ಪಕ್ಕದಲ್ಲಿ ನೊರೆ ಎದ್ದ ಕಾಫಿಯ ಸ್ಟೀಲ್ ಲೋಟ, ಹಿಂದುಗಡೆ ಮಸುಕುಮಸುಕಾಗಿ ತುಳಸಿ ಗಿಡ. ಕೆಳಗೆ ‘ಈಗಿನ ಓದು’ ಎಂಬ ಒಕ್ಕಣೆ, ಜೊತೆಗೆ ಕೈಮುಗಿದ ಗೊಂಬೆ. ಮಾದೇಶನ ಈ ಲೋಟ ನನಗೆ ಚೆನ್ನಾಗಿ ಪರಿಚಯ. ಅಂಚಿನಲ್ಲಿ ಸಣ್ಣದೊಂದು ತಗ್ಗಿದೆ. ವಾರಕ್ಕೊಂದು ಪುಸ್ತಕ ಅದರ ಪಕ್ಕ ಬಂದು ಕೂತು ಫೋಟೋ ತೆಗೆಸಿಕೊಂಡು ಹೋಗುತ್ತದೆ. ಲೋಟ ಮಾತ್ರ ಹಾಗೇ ಇದೆ. ನಿಜ ಹೇಳಬೇಕೆಂದರೆ ಆ ಫೋಟೋಗಳಲ್ಲಿ ಸವೆಯುವುದು ಕಾಫಿಯೊಂದೇ.

ಊದುಬತ್ತಿ ಆರುವಷ್ಟರಲ್ಲಿ ಕೆಳಗೆ ಮೆಚ್ಚುಗೆ ಸಾಲುಗಟ್ಟಿತು. ‘ಅದ್ಭುತ ಕೃತಿ’, ‘ಹಿಂದೆಯೇ ಓದಿದ್ದೆ, ಇನ್ನೂ ಕಾಡುತ್ತಿದೆ’, ‘ಬಹಳ ಕಾಡುವ ಪುಸ್ತಕ.’ ನಮ್ಮ ಬಳಗದವರನ್ನು ಪುಸ್ತಕಗಳು ಕಾಡಿದಷ್ಟು ಲೊಕ್ಕನಹಳ್ಳಿ ಕಡೆಯ ರೈತರನ್ನು ಆನೆಗಳೂ ಕಾಡಿರಲಾರವು. ಅವರಾದರೂ ಆನೆಯನ್ನು ಕಣ್ಣಾರೆ ಕಂಡಿರುತ್ತಾರೆ. ನೀವೂ ಇಂಥದೊಂದು ಗುಂಪಿನಲ್ಲಿದ್ದರೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ. ಇಲ್ಲದಿದ್ದರೆ ನೀವು ಪುಣ್ಯವಂತರು, ಪುಸ್ತಕ ಓದಲು ನಿಮಗೆ ಪುರುಸೊತ್ತು ಸಿಗುತ್ತದೆ.

ಬೇರೆಯವರ ಮೇಲೆ ಬಾಯಿ ಹಾಕುವ ಮುಂಚೆ ನನ್ನ ಪ್ರವರ ಹೇಳಿಬಿಡುತ್ತೇನೆ. ಹುಟ್ಟಿದ್ದು ಯಳಂದೂರು, ಅನ್ನ ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ಮೂಟೆಗಳ ಮೇಲೆ ಕಾಲು ಚಾಚಿ ಓದುವುದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಕೂತು ಎಷ್ಟೋ ಪುಸ್ತಕಗಳ ಮುನ್ನುಡಿಯನ್ನೂ ಬೆನ್ನುಡಿಯನ್ನೂ ನಾನು ಮನಸ್ಸಿಟ್ಟು ಓದಿದ್ದೇನೆ. ನಡುವೆ ಇರುವುದನ್ನು ಊಹಿಸಿಕೊಳ್ಳುವ ಶಕ್ತಿಯನ್ನು ದೇವರು ಕೊಟ್ಟಿದ್ದಾನೆ. ಬಳಗದಲ್ಲಿ ನನ್ನನ್ನು ‘ಗಂಭೀರ ಓದುಗ’ ಎನ್ನುತ್ತಾರೆ. ಮೀಸೆ ದಪ್ಪವಾಗಿರುವುದಕ್ಕೋ, ಮಾತು ಕಮ್ಮಿ ಇರುವುದಕ್ಕೋ ಗೊತ್ತಿಲ್ಲ. ಓದಿರದ ಪುಸ್ತಕದ ಬಗ್ಗೆ ಮಾತು ಕಮ್ಮಿ ಇರುವುದೇ ಒಳ್ಳೆಯದು.

ನಮ್ಮ ಬಳಗಕ್ಕೊಂದು ಪದ್ಧತಿಯಿದೆ, ಬೇರೆ ಕಡೆ ಇರಲಿಕ್ಕಿಲ್ಲ. ಎಲ್ಲರೂ ಒಂದೇ ಪುಸ್ತಕದ ಒಂದೇ ಪ್ರತಿಯನ್ನು ಸರದಿಯ ಮೇಲೆ ಓದುವುದು. ಕೊಳ್ಳೇಗಾಲದಿಂದ ಹನೂರಿಗೆ, ಹನೂರಿನಿಂದ ಮತ್ತೆ ಕೊಳ್ಳೇಗಾಲಕ್ಕೆ, ಅಲ್ಲಿಂದ ಯಳಂದೂರಿಗೆ ಪುಸ್ತಕ ಬಸ್ಸಿನಲ್ಲೇ ಓಡಾಡುತ್ತದೆ. ಕಂಡಕ್ಟರ್ ಕೈಗೆ ಕೊಟ್ಟರೆ ಅವನು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ, ಹೂವಿನ ಮೂಟೆಯ ಜೊತೆ ಎಸೆಯುತ್ತಾನೆ. ಒಮ್ಮೆ ಹನೂರಿನಲ್ಲಿ ಇಳಿಸುವುದನ್ನು ಮರೆತು, ಪುಸ್ತಕ ನೇರ ಮಾದಪ್ಪನ ಬೆಟ್ಟಕ್ಕೇ ಹೋಗಿ ಬಂತು. ವಾಪಸ್ಸಾಗುವಾಗ ಕೌದಳ್ಳಿಯ ಟೀ ಅಂಗಡಿಯಲ್ಲಿ ಅದರ ಮೇಲೆ ಯಾರೋ ಲೋಟ ಇಟ್ಟಿದ್ದರು. ರಟ್ಟಿನ ಮೇಲೆ ಟೀ ವೃತ್ತ, ಒಳಗೆ ವಿಭೂತಿ. ನಮ್ಮ ಪೈಕಿ ಯಾರೂ ಆ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಬಳಸಿರಲಿಲ್ಲ.

ಒಂದೇ ಪ್ರತಿ ಎಂದಮೇಲೆ ಯಾರು ಎಲ್ಲಿಯವರೆಗೆ ಓದಿದ್ದಾರೆಂದು ಗುರುತು ಬೇಡವೇ? ಅದಕ್ಕೆ ರೇಷ್ಮೆ ದಾರ. ಬಳಗದ ಮಹದೇವಸ್ವಾಮಿಗೆ ಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಸೆರಗಿಗೆ ಕುಚ್ಚು ಕಟ್ಟಿ ಉಳಿದ ಎಳೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಬಣ್ಣದಂತೆ ಹಂಚಿದ. ತನಗೆ ಕೆಂಪು, ಮಾದೇಶನಿಗೆ ನೀಲಿ, ನನಗೆ ಹಸಿರು. ನಮ್ಮ ಅಧ್ಯಕ್ಷರು, ನಿವೃತ್ತ ಪ್ರೊಫೆಸರ್ ಗುರುಸಿದ್ದಪ್ಪನವರು, ಬಣ್ಣದ ದಾರ ತಮ್ಮ ಘನತೆಗೆ ತಕ್ಕದ್ದಲ್ಲವೆಂದು ಜರಿ ಎಳೆಯನ್ನೇ ಕೇಳಿ ಪಡೆದರು. ಯಳಂದೂರಿನ ಸರೋಜಮ್ಮ ಟೀಚರು ಮಾತ್ರ ಕಪ್ಪು ಆರಿಸಿಕೊಂಡರು. “ಅಯ್ಯೋ, ಕಪ್ಪು ಬ್ಯಾಡಿ ಟೀಚರ್, ಒಳ್ಳೇದಲ್ಲ” ಎಂದ ಮಹದೇವಸ್ವಾಮಿ. “ಬಿಳೀ ಆಳೆ ಮೇಲೆ ಕಪ್ಪೇ ಕಣ್ಲಾ ಕಾಣೋದು, ಕೊಡು” ಎಂದರು ಅವರು. ಆಗ ಅದರ ಅರ್ಥ ನಮಗೆ ಹೊಳೆಯಲಿಲ್ಲ.

ಅಂದಿನಿಂದ ನಮ್ಮಲ್ಲಿ ನಮಸ್ಕಾರದ ಬದಲು ‘ನಿಮ್ಮ ದಾರ ಎಲ್ಲಿಗೆ ಬಂತು?’ ಎಂದು ಕೇಳುವುದು ರೂಢಿಯಾಯಿತು. ಈ ದಾರಗಳು ನಡೆದ ನಡಿಗೆಯನ್ನು ನೀವು ನೋಡಬೇಕಿತ್ತು. ಮಹದೇವಸ್ವಾಮಿಯ ಕೆಂಪು ದಾರ ಮದುವೆ ತಿಂಗಳಲ್ಲಿ ಅಲ್ಲಾಡುತ್ತಿರಲಿಲ್ಲ, ಆಷಾಢ ಬಂದರೆ ದಡದಡನೆ ಓಡುತ್ತಿತ್ತು. ನನ್ನ ಹಸಿರು ದಾರ ಬಸ್ಸಿನ ಹಾರನ್ ಕೇಳಿದ ತಕ್ಷಣ ಒಂದಿಡೀ ಅಧ್ಯಾಯ ನೆಗೆಯುತ್ತಿತ್ತು. ಪ್ರೊಫೆಸರ ಜರಿ ಎಳೆ ಪುಸ್ತಕ ಮನೆಗೆ ಬಂದ ದಿನವೇ ಕೊನೆಯ ಪುಟಕ್ಕೆ ಹೋಗಿ ಕೂರುತ್ತಿತ್ತು. ಯಾರಾದರೂ ಅಚ್ಚರಿಪಟ್ಟರೆ, “ಓದುವುದಕ್ಕೂ ಒಂದು ವೇಗವಿದೆ, ಅದು ತಪಸ್ಸಿನಿಂದ ಬರುವಂಥದ್ದು” ಎನ್ನುತ್ತಿದ್ದರು.

ಸರೋಜಮ್ಮ ಟೀಚರ ಬಗ್ಗೆ ಸ್ವಲ್ಪ ಹೇಳಬೇಕು. ಯಳಂದೂರಿನ ಪ್ರೈಮರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರೇ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ದನಿಯಿನ್ನೂ ನಿವೃತ್ತಿಯಾಗಿಲ್ಲ. ತಮ್ಮನ ಸಂಸಾರದ ಜೊತೆ, ಗಲಗಲ ಎನ್ನುವ ಮನೆಯಲ್ಲಿದ್ದಾರೆ. ನನ್ನನ್ನು ಕರೆಯುವುದು ‘ಲೋ ಗೊಬ್ಬರ’ ಎಂದು. ತುಂಬಿದ ಸಭೆಯಲ್ಲೂ ಹಾಗೆಯೇ. ಬಳಗದಲ್ಲಿ ಅವರ ಸರದಿ ಯಾವಾಗಲೂ ಕೊನೆಗೆ, ಏಕೆಂದರೆ ಅವರು ಒಂದು ಪುಸ್ತಕ ಹಿಡಿದರೆ ಬಿಡುವುದು ಬಹಳ ತಡ. ಅಷ್ಟು ತಡ ಯಾಕೆಂದು ನಾವು ನಮ್ಮನಮ್ಮಲ್ಲೇ ನಗುತ್ತಿದ್ದೆವು. ಪೂರ್ತಿ ಓದುತ್ತಾರೆ ಎಂಬ ಸಾಧ್ಯತೆ ಯಾರಿಗೂ ಹೊಳೆದಿರಲಿಲ್ಲ.

ನಾನು ಹೇಳಹೊರಟದ್ದು ಹೋದ ವರ್ಷದ ಒಂದು ಕಾದಂಬರಿಯ ಕಥೆ. ಮೈಸೂರಿನ ಪುಸ್ತಕ ಮಾರಾಟವೊಂದರಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಮಾದೇಶ ತಂದಿದ್ದ. ಅಕ್ಕ ತಂಗಿಯರ ಕತೆ. ಒಂದೇ ಅಂಗಳದಲ್ಲಿ ಬೆಳೆದವರು, ಒಂದು ಮಾತಿಗೆ ಮುನಿಸಿಕೊಂಡು ನಡುವೆ ಗೋಡೆ ಎಬ್ಬಿಸಿಕೊಂಡು, ಆಚೆ ಈಚೆ ಬದುಕು ಸವೆಸುತ್ತಾರೆ. ಕೊನೆಗೊಂದು ದಿನ ತಂಗಿ ಅಕ್ಕನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಕ್ಕ ಬಾಗಿಲು ತೆಗೆದಳೇ? ಇಷ್ಟನ್ನು ನಾನು ಬೆನ್ನುಡಿಯಿಂದಲೇ ತಿಳಿದುಕೊಂಡಿದ್ದೆ. ಮಿಕ್ಕದ್ದಕ್ಕೆ ಹಸಿರು ದಾರವಿತ್ತು.

ಪುಸ್ತಕ ನಮ್ಮ ನಾಲ್ವರ ಕೈ ದಾಟಿ ಬಂದಮೇಲೆ ಭಾನುವಾರದ ಸಭೆ. ಸಭೆಯೆಂದರೆ ಮಹದೇವಸ್ವಾಮಿಯ ಅಂಗಡಿಯ ಮಹಡಿಯಲ್ಲಿ, ಸೀರೆ ಡಬ್ಬಗಳ ನಡುವೆ ಜಮಖಾನ ಹಾಸಿ ಕೂರುವುದು. ಬೋಂಡ ಬರುವ ತನಕ ಸಾಹಿತ್ಯ, ಬಂದ ಮೇಲೆ ಊರ ಸುದ್ದಿ. ಅಂದು ಬೋಂಡದವನು ತಡಮಾಡಿದ್ದರಿಂದ ಸಾಹಿತ್ಯ ಉದ್ದವಾಯಿತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡು, “ಈ ಕೃತಿಯ ನಿಜವಾದ ಸಾಧನೆ ಇರುವುದು ಇದರ ಅಂತ್ಯದಲ್ಲಿ. ಅಂಥ ಅಂತ್ಯವನ್ನು ಬರೆಯಲು ಎದೆಗಾರಿಕೆ ಬೇಕು” ಎಂದರು. “ಆ ಕೊನೆ ಓದಿ ಮೂರ್ ದಿನ ಊಟ ಸೇರ್ನಿಲ್ಲ ಸಾ ನಂಗೆ” ಎಂದ ಮಾದೇಶ. ಮಹದೇವಸ್ವಾಮಿ ಕಣ್ಣು ಮುಚ್ಚಿ ತಲೆದೂಗಿದ. ನಾನು ನಿಟ್ಟುಸಿರುಬಿಟ್ಟೆ, ಗಂಭೀರ ಓದುಗರು ಹಾಗೆ ಬಿಡಬೇಕು.

ಟೀಚರು ಎರಡೂ ಕಿವಿ ಮುಚ್ಚಿಕೊಂಡು ಗದರಿದರು. “ಸಾಕ್ ಬಾಯ್ ಮುಚ್ರೋ! ನಾನಿನ್ನೂ ಓದ್ಬೇಕು. ಕೊನೆ ಯೋಳ್ಬುಟ್ರೆ ಒಬ್ಬೊಬ್ರಿಗೂ ಬೆತ್ತ ತಕತೀನಿ.” ಆಮೇಲೆ ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ಹಾಜರಿ ಕೂಗುವಷ್ಟೇ ನೇರವಾಗಿ ಹೇಳಿದರು. “ಇನ್ನೊಂದ್ ಇಚಾರ. ಮೈಸೂರ್ನಲ್ಲಿ ಕಣ್ ತೋರುಸ್ಕ ಬಂದೆ. ಕಣ್ಣಿನ ಇಂದ್ಲ ಪೊರೆ ಸವೀತಾ ಅದಂತೆ. ಸುತ್ತ ಕಾಣ್ತದೆ, ನಡುವಾಗಿರೋದು ಕಾಣಲ್ಲ. ಅಕ್ಷರ ಓದೋದು ಇನ್ ಕೆಲವೇ ತಿಂಗಳು ಅಂದ್ರು ಡಾಕ್ಟ್ರು. ಔಷಧಿ ಇಲ್ವಂತೆ. ಅದ್ಕೇ ಈ ಪುಸ್ತಕ ನನ್ ಕಣ್ಣಲ್ಲಿ ನಾನೇ ಓದೋ ಕೊನೇದು. ಬಿರ್ರನೆ ಓದಕಾಗಲ್ಲ, ಯಾರೂ ಅವಸರ ಮಾಡ್ಬ್ಯಾಡಿ.”

ಬೋಂಡ ಬಂದರೂ ಸ್ವಲ್ಪ ಹೊತ್ತು ಯಾರೂ ಕೈ ಹಾಕಲಿಲ್ಲ. ನನ್ನ ಕೈ ಹಿಡಿದು ಮರಳಿನ ಮೇಲೆ ‘ಅ’ ತಿದ್ದಿಸಿದವರ ಕಣ್ಣಿಗೆ ಅದೇ ‘ಅ’ ಕಾಣದೆ ಹೋಗುತ್ತದೆ ಎಂದರೆ ಮನಸ್ಸು ಒಪ್ಪಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬಳಗ ಎಂದಮೇಲೆ ದುಃಖಕ್ಕೂ ಒಂದು ಕಾರ್ಯಕ್ರಮ ಬೇಕಲ್ಲ. ಟೀಚರು ಬಸ್ಸಿಗೆ ಹೋದ ಮೇಲೆ ಪ್ರೊಫೆಸರು ಸೂಚಿಸಿದರು, ಉಳಿದವರು ಅನುಮೋದಿಸಿದರು: ಸರೋಜಮ್ಮನವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುವುದು. ‘ಅಕ್ಷರ ಜ್ಯೋತಿ’ ಎಂಬ ಬಿರುದನ್ನೂ ಕೊಡುವುದು. ಕಣ್ಣು ಹೋಗುತ್ತಿರುವವರಿಗೆ ಈ ಬಿರುದು ಸರಿಹೋಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಶಾಲಿನ ಬಣ್ಣದ ಬಗ್ಗೆ ಮಾತ್ರ ಬಹಳ ಹೊತ್ತು ಚರ್ಚೆಯಾಯಿತು.

ಟೀಚರು ಓದಿದರು. ಓದಿದ ಬಗೆಯನ್ನು ಅವರ ತಮ್ಮನ ಸೊಸೆ ನನಗೆ ಆಮೇಲೆ ಹೇಳಿದಳು. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಜಗುಲಿಗೆ ಬಂದು, ಭೂತಗನ್ನಡಿ ಹಿಡಿದು, ಪುಸ್ತಕವನ್ನು ಓರೆ ಮಾಡಿಕೊಂಡು, ಕಣ್ಣಂಚಿನಿಂದ ಒಂದೊಂದು ಪದ ಹೆಕ್ಕುತ್ತಿದ್ದರಂತೆ. ಮೋಡ ಬಂದರೆ ಮೋಡಕ್ಕೆ ಬೈಗುಳ. “ಕೊಡಿ ಅತ್ತೆ, ನಾನ್ ಓದ್ತೀನಿ” ಎಂದರೆ ಅವಳಿಗೂ ಬೈಗುಳ. ಇತ್ತ ಗುಂಪಿನಲ್ಲಿ ಮಾದೇಶನ ಲೋಟದ ಪಕ್ಕ ಹೊಸ ಹೊಸ ಪುಸ್ತಕಗಳು ಬಂದು ಹೋಗುತ್ತಲೇ ಇದ್ದವು.

ಒಂದು ದಿನ ಫೋನು. “ಲೋ ಗೊಬ್ಬರ, ಅಂಗ್ಡಿ ಬಾಗ್ಲಾಕ್ಬುಟ್ಟು ಈಗಿಂದೀಗ್ಲೆ ಬಾ.” ಏನಾಯಿತೋ ಎಂದು ಗಾಬರಿಯಿಂದ ಯಳಂದೂರಿನ ಬಸ್ಸು ಹತ್ತಿದೆ. ಟೀಚರು ಜಗುಲಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಪುಸ್ತಕ. ಮುಖ ಕೆಂಪಾಗಿತ್ತು. ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, “ಇಲ್ಲಿಂದ ಓದು, ಗಟ್ಟಿಯಾಗಿ” ಎಂದರು.

ಓದಿದೆ. ತಂಗಿ ಬಾಗಿಲಲ್ಲಿ ನಿಂತಿದ್ದಾಳೆ. ಒಳಗಿನಿಂದ ಅಕ್ಕನ ಹೆಜ್ಜೆ ಸದ್ದು. ಅಕ್ಕ ಅಗುಳಿಯ ಮೇಲೆ ಕೈ ಇಟ್ಟು... ಅಲ್ಲಿಗೆ ಪುಟ ಮುಗಿಯಿತು. ಮಗುಚಿದೆ. ಅಕ್ಕ ತಂಗಿಯರಿಬ್ಬರೂ ಲಂಗ ತೊಟ್ಟ ಹುಡುಗಿಯರಾಗಿ ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಕಣ್ಣುಜ್ಜಿಕೊಂಡು ನೋಡಿದೆ. ಪುಟದ ಮೇಲೆ ‘ಒಂದು’ ಎಂದು ಅಧ್ಯಾಯದ ಅಂಕ. ಕೊನೆಯ ಹಾಳೆಗಳು ಇರಬೇಕಾದ ಜಾಗದಲ್ಲಿ ಪುಸ್ತಕದ ಮೊದಲ ಹಾಳೆಗಳನ್ನೇ ಇನ್ನೊಂದು ಸಲ ಸೇರಿಸಿ ಹೊಲಿದುಬಿಟ್ಟಿದ್ದರು. ಬೈಂಡಿಂಗಿನಲ್ಲಿ ಆದ ಎಡವಟ್ಟು. ಮಾದೇಶನಿಗೆ ಅರ್ಧ ಬೆಲೆಗೆ ಸಿಕ್ಕಿದ್ದರ ಗುಟ್ಟು ಅದು. ಕತೆಯ ಕೊನೆ ಆ ಪ್ರತಿಯಲ್ಲಿ ಇರಲೇ ಇಲ್ಲ.

ಇದ್ದದ್ದು ನಮ್ಮ ದಾರಗಳು. ಕೆಂಪು, ನೀಲಿ, ಹಸಿರು, ಜರಿ ನಾಲ್ಕೂ ಆ ತಪ್ಪು ಹಾಳೆಗಳ ನಡುವೆ ಒಪ್ಪವಾಗಿ ಮಲಗಿದ್ದವು.

“ಇಷ್ಟ್ ಜನ ಇಲ್ಗಂಟ ಬಂದು ದಾರ ಇಟ್ಟೋಗಿದ್ದೀರಿ” ಎಂದರು ಟೀಚರು. “ಒಬ್ರಿಗೂ ಕಾಣ್ನಿಲ್ವೇನ್ಲಾ? ನಾನೊಬ್ಳೇ ಕುರುಡಿ ಅನ್ಕಂಡಿದ್ದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರು ಅಷ್ಟಕ್ಕೇ ಬಿಡಲಿಲ್ಲ. “ಫೋನ್ ಆಕು, ಒಬ್ಬೊಬ್ರಿಗೂ. ಸ್ಪೀಕರ್ ಆಕು” ಎಂದರು.

ಮೊದಲು ಮಹದೇವಸ್ವಾಮಿ. ಹಿಂದುಗಡೆ ಯಾರೋ ಹೆಂಗಸು ಬಾರ್ಡರಿನ ಬಣ್ಣಕ್ಕೆ ತಗಾದೆ ತೆಗೆಯುತ್ತಿದ್ದಳು. “ಕೊನೆನಾ? ಅಯ್ಯೋ ಬುಡಿ ಟೀಚರ್, ನೆನುಸ್ಕಂಡ್ರೆ ಈಗ್ಲೂವೆ ಕಣ್ಣಲ್ಲಿ ನೀರ್ ಬತ್ತದೆ. ಬಾಗ್ಲು ತಗದು ನೋಡುದ್ರೆ ಅಕ್ಕ ಸತ್ತೋಗಿರ್ತಾಳಲ್ಲ, ಪಾಪ... ಅದು ರಾಣಿ ಪಿಂಕ್ ಕಣಮ್ಮ, ಮೆರೂನ್ ಅಲ್ಲ.”

“ಸತ್ತೋಳು ಎದ್ಬಂದು ಅಗುಳಿ ಮುಟ್ಟುದ್ಲಾ?” ಎಂದು ಕೇಳಿ ಟೀಚರು ಫೋನ್ ಇಟ್ಟರು.

ಆಮೇಲೆ ಮಾದೇಶ. ಅವನು ಇನ್ಶೂರೆನ್ಸ್ ಏಜೆಂಟು, ಸಾವಿನ ಮಾತು ಅವನ ಬಾಯಲ್ಲಿ ಬರುವುದು ಪಾಲಿಸಿ ಮಾಡಿಸುವಾಗ ಮಾತ್ರ. “ಸೂಪರ್ ಎಂಡಿಂಗ್ ಟೀಚರ್! ಇಬ್ರೂ ಒಂದಾಯ್ತಾರೆ. ಗ್ವಾಡೆ ಒಡ್ದಾಕ್ಬುಟ್ಟು ಮಗಳ ಮದ್ವೆಗೆ ಚಪ್ರ ಆಕುಸ್ತಾರೆ.”

“ಯಾರ್ ಮಗಳ್ಲಾ? ಇಬ್ರಿಗೂ ಮಕ್ಳೇ ಇಲ್ವಲ್ಲೋ.”

ಆ ಕಡೆ ಸ್ವಲ್ಪ ಹೊತ್ತು ಹನೂರಿನ ಬಸ್ ನಿಲ್ದಾಣದ ಗಲಾಟೆ ಮಾತ್ರ ಕೇಳಿಸಿತು. “ಸಾಕು ಮಗಳು ಟೀಚರ್” ಎಂದ ಮಾದೇಶ.

ಪ್ರೊಫೆಸರು ಒಬ್ಬರೇ ನಿಜಕ್ಕೆ ಹತ್ತಿರ ಬಂದವರು; ಕೊನೆಯ ಪುಟವನ್ನಾದರೂ ಅವರು ನೋಡಿದ್ದರು. “ಸರೋಜಮ್ಮನವರೇ, ಅದು ಸಾಮಾನ್ಯ ಓದುಗರಿಗೆ ದಕ್ಕುವ ಅಂತ್ಯವಲ್ಲ. ಕತೆ ತಾನು ಹೊರಟಲ್ಲಿಗೇ ಮರಳುತ್ತದೆ. ವರ್ತುಲ ರಚನೆ! ಬಾಲ್ಯವೇ ಮುಪ್ಪಿನ ಮುಕ್ತಾಯ. ಈ ಬಗ್ಗೆ ನಾನೊಂದು ಲೇಖನವನ್ನೂ ಸಿದ್ಧಪಡಿಸುತ್ತಿದ್ದೇನೆ” ಎಂದರು. ಟೀಚರು ಫೋನನ್ನು ನನ್ನ ಕಡೆ ತಳ್ಳಿದರು. ಬೈಂಡಿಂಗಿನವನು ಊಟದ ಹೊತ್ತಿನಲ್ಲಿ ಮಾಡಿದ ತಪ್ಪಿಗೆ ಕೊಳ್ಳೇಗಾಲದಲ್ಲಿ ಒಂದು ಲೇಖನ ಹುಟ್ಟುವುದರಲ್ಲಿತ್ತು.

ಇನ್ನುಳಿದವನು ನಾನು. “ನೀನೇನೋ ಯೋಳ್ತೀಯೆ?” ಎಂದು ಟೀಚರು ನನ್ನ ಮುಖದ ಪಕ್ಕಕ್ಕೆ ನೋಡಿದರು. ನೇರ ನೋಡಿದರೆ ನಾನು ಕಾಣುವುದಿಲ್ಲವಲ್ಲ, ಅದಕ್ಕೆ. “ಕೊನೆ ಹೇಳ್ಬಿಟ್ರೆ ಸ್ವಾರಸ್ಯ ಓಯ್ತದೆ ಟೀಚರ್” ಎಂದೆ. ಆ ಮಾತು ಅಭ್ಯಾಸಬಲದಿಂದ ತಾನಾಗಿಯೇ ಹೊರಬಂತು. ಹೋಂವರ್ಕನ್ನು ಕರು ತಿಂದಿತು ಎಂದಿದ್ದ ದಿನ ಅವರು ಹೇಗೆ ತಲೆ ಆಡಿಸಿದ್ದರೋ ಈಗಲೂ ಹಾಗೆಯೇ ತಲೆ ಆಡಿಸಿದರು. ಆಮೇಲೆ ದನಿ ಇಳಿಸಿ ಹೇಳಿದರು. “ಲೋ, ಬೈಯಕ್ಕೆ ನಿನ್ನ ಕರುಸ್ನಿಲ್ಲ. ಇಷ್ಟ್ ದಿನ ಆ ಇಬ್ರು ಜೊತೇಲೇ ಬದ್ಕಿದ್ದೀನಿ. ಅವಳ್ನ ಬಾಗ್ಲಲ್ಲಿ ನಿಲ್ಸಿ ನಾನ್ ಕಣ್ ಮುಚ್ಕಳಕಾಯ್ತದಾ? ಅಕ್ಷರ ಬರಬರ್ತಾ ಕರಗ್ತಾ ಅವೆ. ಇನ್ನು ವಸಿ ದಿನ ಕಳುದ್ರೆ ಇಲ್ಲ. ಆ ಕೊನೇ ಆಳೆಗಳ್ನ ಎಲ್ಲಿಂದಾರ ತಕಂಡ್ ಬಾ, ಬ್ಯಾಗ.”

ಅವರು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು.

ಹುಡುಕಿದೆ. ಮೈಸೂರಿನ ಅಂಗಡಿಗಳಿಗೆ ಫೋನು ಮಾಡಿದೆ, ಪ್ರತಿಗಳು ಮುಗಿದಿವೆ ಎಂದರು. ಪ್ರಕಾಶಕರ ನಂಬರಿಗೆ ಮಾಡಿದರೆ ಯಾರೋ ಕೋಳಿ ಫಾರಂನವರು ಎತ್ತಿದರು. ಗುಂಪಿನಲ್ಲಿ ಕೇಳಿದೆ: ಈ ಕಾದಂಬರಿಯ ಬೇರೆ ಪ್ರತಿ ಯಾರಲ್ಲಾದರೂ ಇದೆಯೇ? ‘ಕಾಡುವ ಕೃತಿ’ ಎಂದು ಹಲವರು ಬರೆದರು, ಹೃದಯದ ಚಿತ್ರಗಳು ಬಂದವು, ಪುಸ್ತಕ ಬರಲಿಲ್ಲ. ದಿನ ಜಾರುತ್ತಿತ್ತು, ನನಗೋ ಅಂಗಡಿಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತಂತೆ. ಹೀಗೆ ಗುಂಪಿನ ಹಳೆಯ ಫೋಟೋಗಳನ್ನು ಸರಿಸುತ್ತಿದ್ದಾಗ ಪ್ರೊಫೆಸರು ಎಂದೋ ಹಾಕಿದ್ದ ‘ನನ್ನ ಗ್ರಂಥ ಭಂಡಾರ’ ಕಣ್ಣಿಗೆ ಬಿತ್ತು. ಗಾಜಿನ ಬೀರು, ಅದರ ಮುಂದೆ ಕೈಕಟ್ಟಿ ನಿಂತ ಪ್ರೊಫೆಸರು. ದೊಡ್ಡದು ಮಾಡಿ ನೋಡಿದೆ. ಅವರ ಮೊಣಕೈ ಪಕ್ಕದಲ್ಲೇ ಅದೇ ಕಾದಂಬರಿಯ ಬೆನ್ನು!

ಅಂಗಡಿಗೆ ಬಾಗಿಲು ಹಾಕಿ ನೇರ ಅವರ ಮನೆಗೆ ಹೋದೆ. ವಿಷಯ ಹೇಳಿದೆ. ಬೈಂಡಿಂಗಿನ ಸಂಗತಿ ಕೇಳಿ ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು, ಆದರೆ ಪ್ರೊಫೆಸರಲ್ಲವೇ, ಸಾವರಿಸಿಕೊಂಡರು. “ವರ್ತುಲ ರಚನೆಯ ವಾದ ಆಗಲೂ ನಿಲ್ಲುತ್ತದೆ. ಅದಿರಲಿ, ಆ ಪ್ರತಿಯನ್ನು ಮಾತ್ರ ಕೊಡಲಾಗುವುದಿಲ್ಲ. ಅದು ಲೇಖಕರು ಸ್ವತಃ ಸಹಿ ಹಾಕಿ ಕೊಟ್ಟದ್ದು. ಬೀರುವಿನ ಕೀಲಿಕೈ ಬೇರೆ ಕಳೆದುಹೋಗಿ ಬಹಳ ಕಾಲವಾಯಿತು.”

ಅಡುಗೆಮನೆಯಿಂದ ಅವರ ಹೆಂಡತಿ ಪಾರ್ವತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ಕೀಲಿ ಕಳೆದೋಗಿದ್ದಾ? ನಿಮ್ ಪಾಲ್ಗೆ ಕಳೆದೋಗಿರ್ಬೇಕು. ಅಬ್ಬ ಅಬ್ಬಕ್ಕೂ ಬೀರು ತೆಗೆದು ಧೂಳೊಡೆಯೋಳು ನಾನಲ್ವಾ?” ಎಂದು ದೇವರ ಗೂಡಿನಿಂದ ಕೀಲಿ ತಂದರು. ಬೀರು ತೆರೆದಾಗ ಹೊಸ ಪುಸ್ತಕದ ವಾಸನೆ ಗಮ್ಮೆಂದಿತು. ಬೀರುವಿನ ತುಂಬ ಹೊಸ ಪುಸ್ತಕವೇ, ಎಲ್ಲವೂ ಎಂದೋ ಕೊಂಡದ್ದು. ನಮ್ಮ ಕಾದಂಬರಿಯಂತೂ ಪ್ರಕಾಶಕರು ಸುತ್ತಿದ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲೇ ಇತ್ತು. ಆ ಮುಚ್ಚಿದ ಹೊದಿಕೆಯೊಳಗೆ ಲೇಖಕರು ಕೈ ತೂರಿಸಿ ಹೇಗೆ ಸಹಿ ಮಾಡಿದರೋ, ಆ ವಿದ್ಯೆ ಅವರಿಗೇ ಗೊತ್ತು.

“ಪ್ಲಾಸ್ಟಿಕ್ ಹರಿಯಬೇಡಿ!” ಎಂದು ಪ್ರೊಫೆಸರು ಅರ್ಧ ಎದ್ದರು. ದನಿಯಲ್ಲಿ ನಿಜವಾದ ಸಂಕಟವಿತ್ತು. ಇಡೀ ವರ್ಷದಲ್ಲಿ ಅವರು ಒಂದು ಪುಸ್ತಕಕ್ಕಾಗಿ ಅಷ್ಟು ನೊಂದದ್ದನ್ನು ನಾನು ನೋಡಿರಲಿಲ್ಲ. “ಓದಕ್ಕೆ ತಾನೆ ಪುಸ್ತಕ ಇರೋದು, ನೋಡಕ್ಕಾ?” ಎಂದು ಪಾರ್ವತಮ್ಮ ಉಗುರಿನಿಂದ ಚರ್ರೆಂದು ಸೀಳಿಯೇಬಿಟ್ಟರು. ಕೊನೆಯ ಹಾಳೆಗಳ ಪುಟಸಂಖ್ಯೆ ಮಾತ್ರ ನೋಡಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು ಮುಚ್ಚಿದೆ. ಅದಕ್ಕಿಂತ ಹೆಚ್ಚು ನೋಡುವ ಧೈರ್ಯ ಬರಲಿಲ್ಲ. ಟೀಚರಿಗಿಂತ ಮೊದಲು ನಾನು ಓದುವುದು ಯಾವ ನ್ಯಾಯ?

ಯಳಂದೂರು ತಲಪಿದಾಗ ಬಿಸಿಲು ಜಗುಲಿಯ ಅಂಚಿನಲ್ಲಿತ್ತು. ಟೀಚರು ಪುಸ್ತಕ ಕಿತ್ತುಕೊಂಡರು. ಅಕ್ಷರ ಹುಡುಕಲು ಅವರು ಪಡುತ್ತಿದ್ದ ಪಾಡು ನೋಡಲಾಗಲಿಲ್ಲ. ಪುಸ್ತಕವನ್ನು ಅತ್ತ ಓರೆ ಮಾಡಿ, ಇತ್ತ ಓರೆ ಮಾಡಿ, ಭೂತಗನ್ನಡಿಯನ್ನು ಎತ್ತಿ ಇಳಿಸಿ, ಒಂದು ಸಾಲಿಗೇ ಮತ್ತೆ ಮತ್ತೆ ಮರಳುತ್ತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಅಳುವಲ್ಲ, ಆಯಾಸದ್ದು. “ನಾನೇ ಓದ್ಲಾ ಟೀಚರ್?” ಎಂದೆ. “ತೆಪ್ಪಗೆ ಕೂತ್ಕೊ” ಎಂದರು. ಬಿಸಿಲು ಸರಿದಂತೆ ಅವರೂ ಜಗುಲಿಯ ಮೇಲೆ ಸರಿಯುತ್ತಾ ಹೋದರು, ಅವರ ಹಿಂದೆ ನಾನು ಚಾಪೆ ಎಳೆಯುತ್ತಾ ಹೋದೆ. ಬಿಸಿಲು ಮೆಟ್ಟಿಲಿಳಿಯುವ ಹೊತ್ತಿಗೆ ಅವರೂ ಮೆಟ್ಟಿಲ ಮೇಲಿದ್ದರು. ಅಲ್ಲಿ ಪುಸ್ತಕ ಮುಚ್ಚಿದರು.

ರಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಸಣ್ಣಗೆ ನಕ್ಕರು. ಶಾಲೆಯಲ್ಲಿ ದಡ್ಡ ಹುಡುಗನೊಬ್ಬ ಸರಿ ಉತ್ತರ ಹೇಳಿದಾಗ ನಗುತ್ತಿದ್ದ ಹಾಗೆ. “ಉಂಡ್ಕೊಂಡೋಗು” ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಅವರು ಹೇಳಿದಂತೆಯೇ ಅದು ಅವರ ಕಣ್ಣಿನ ಕೊನೆಯ ಪುಸ್ತಕವಾಯಿತು. ಈಗ ಬಾಗಿಲ ಮೇಲಿನ ಮನೆ ನಂಬರು ಕೂಡ ಕಾಣುವುದಿಲ್ಲ. ಸನ್ಮಾನವೂ ಆಯಿತು. ಶಾಲು, ಬುಟ್ಟಿ, ಬಿರುದು ಎಲ್ಲ ಸ್ವೀಕರಿಸಿ, ಮೈಕಿನಲ್ಲಿ ಟೀಚರು ಒಂದೇ ಮಾತು ಹೇಳಿದರು: “ಕೊನೆ ನಂಗ್ ಗೊತ್ತು. ನಾನ್ ಯೋಳಲ್ಲ.” ಚಪ್ಪಾಳೆ ಬಿತ್ತು. ನಮ್ಮ ನಾಲ್ವರ ಚಪ್ಪಾಳೆ ಸ್ವಲ್ಪ ತಡವಾಗಿ ಬಿತ್ತು.

ಅಂದಿನಿಂದ ಶುರುವಾಯಿತು ನೋಡಿ ತಮಾಷೆ. ಒಬ್ಬೊಬ್ಬರೇ ಗುಟ್ಟಾಗಿ ನನ್ನ ಬಳಿ ಬರುತ್ತಾರೆ. ಮಾದೇಶ ಬೀಜ ಕೊಳ್ಳುವ ನೆಪದಲ್ಲಿ ಬಂದು, “ಅಣ್ಣ, ಅದು ಕೊನೆಗೇನಾಯ್ತದೆ? ಟೀಚರು ನಿಮ್ಗಾರ ಯೋಳುದ್ರಾ?” ಎನ್ನುತ್ತಾನೆ. ಮಹದೇವಸ್ವಾಮಿ ಸೀರೆ ಮಡಿಸುತ್ತಾ, ಅಕ್ಕ ಬದುಕಿದಳೇ ಎಂದು ಕೇಳುತ್ತಾನೆ. ಪ್ರೊಫೆಸರು ಫೋನಿನಲ್ಲಿ, ಲೇಖನದ ಒಂದು ಅಡಿಟಿಪ್ಪಣಿಗಾಗಿ ಅಂತ್ಯದ ಸ್ಥೂಲ ವಿವರ ಸಿಕ್ಕರೆ ಸಾಕೆಂದರು. ಅವರದೇ ಬೀರುವಿನಲ್ಲಿದ್ದ ಪುಸ್ತಕ! ಟೀಚರ ಹತ್ತಿರ ಇದೆ, ಬೇಕಾದವರು ಬಂದು ಒಯ್ಯಬಹುದು ಎಂದು ಎಲ್ಲರಿಗೂ ಹೇಳಿದೆ. ಪುಸ್ತಕ ಯಾರಿಗೂ ಬೇಡ, ಕೊನೆ ಬೇ​ಕು.

ಬಿಡಿ, ಅವರನ್ನೇನು ಹೇಳುವುದು. ನನಗೂ ತಡೆಯಲಾಗಲಿಲ್ಲ. ನಿನ್ನೆ ಯಳಂದೂರಿಗೆ ಹೋದಾಗ ಟೀಚರು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೆರಳುಗಳೇ ಕಣ್ಣಾಗಿ ಕೆಲಸ ನಡೆದಿತ್ತು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಾಯಿ ಸುಲಿದು, ಅದೂ ಇದೂ ಮಾತಾಡಿ, ಆಮೇಲೆ ಮೆಲ್ಲಗೆ ಕೇಳಿದೆ. “ಟೀಚರ್, ಅಕ್ಕ ಬಾಗ್ಲು ತೆಗೆದ್ಲಾ?”

ಅವರ ಕೈ ನಿಂತಿತು. ತಲೆ ಓರೆ ಮಾಡಿ, ಕಣ್ಣಂಚಿನಲ್ಲಿ ನನ್ನನ್ನು ಹುಡುಕಿ ಹಿಡಿದರು.

“ಒಳಗೆ ಗೂಡಲ್ಲಿ ಅದೆ, ತಕಂಡೋಗಿ ಓದ್ಲಾ” ಎಂದರು. “ನಿನ್ ಕಣ್ಣಿಗೇನ್ ಬಂದದೆ ದಾಡಿ?”

ಎದ್ದು ಹೋಗಿ ತಂದೆ. ಬಸ್ಸಿನಲ್ಲೇ ಮೊದಲ ಪುಟ ತೆರೆದೆ. ಈಗಲೂ ಮೂಟೆಯ ಮೇಲೆ ಕೂತು ಓದುತ್ತಿದ್ದೇನೆ. ಯೂರಿಯಾ ಕೇಳಿಕೊಂಡು ಬಂದವರೊಬ್ಬರು ಎದುರಿಗೇ ನಿಂತು ನನ್ನನ್ನು ಶಪಿಸುತ್ತಿದ್ದಾರೆ. ಅಕ್ಕ ತಂಗಿ ಇನ್ನೂ ಮಾತಾಡುತ್ತಿದ್ದಾರೆ. ಗೋಡೆ ಇನ್ನೂ ಎದ್ದಿಲ್ಲ.